ಆಶ್ರಯದ ಮನೆಯು ಆರೋಗ್ಯದ ಮನೆಯಾಗಲಿ

ಅನ್ನ ಬಟ್ಟೆಗಳ ತರುವಾಯ ಮನುಷ್ಯನಿಗೆ ಅವಶ್ಯವಾದುದು ವಾಸದ ಮನೆ. ಆದರೆ ಮಳೆ ಬಿಸಿಲುಗಳನ್ನು ತಡೆದ ಮಾತ್ರಕ್ಕೆ ಮನೆಯು ವಾಸಯೋಗ್ಯವೆನಿಸದು. ಗಾಳಿ, ಬೆಳಕು, ಶುದ್ಧ ನೀರು, ಶೌಚಾಲಯ, ಬಚ್ಚಲ ನೀರಿನ ಚರಂಡಿ ಇವು ಐದೂ ಕೂಡಿದಾಗಲೇ ಅದು ಕುಟುಂಬದ ಆರೋಗ್ಯವನ್ನು ಕಾಪಾಡಬಲ್ಲುದು.

ಹಿನ್ನೆಲೆ

ಈ ಪಾಠವನ್ನು ನಮ್ಮ ನಾಡು ಬಹು ಕಷ್ಟದಿಂದ ಕಲಿತಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿದ ಮೇಲೆ, ಅಗಲವಾದ ಬೀದಿಗಳುಳ್ಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಬೆಳವಣಿಗೆ ಚುರುಕಾಯಿತು. ಬಡವರಿಗಾಗಿ 1970ರ ದಶಕದಲ್ಲಿ ಜನತಾ ಮನೆಗಳೂ, 1991-92ರಿಂದ ಆಶ್ರಯ ಮನೆಗಳೂ ಬಂದವು. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮವು ಸ್ಥಾಪಿತವಾಯಿತು.

ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಕುಣಿಗಲಿನಲ್ಲಿ ಪುರಸಭೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ, ಸುತ್ತಲಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳು ಜನರಿಗೆ ಸಮೀಪವಾದ ಸ್ಥಳೀಯ ಸಂಸ್ಥೆಗಳು. ಕೊಟ್ಟ ಮನೆಗಳು ಮಾನದಂಡಕ್ಕೆ ತಕ್ಕಂತೆ ಉಳಿದಿವೆಯೇ ಎಂದು ಪರಿಶೀಲಿಸಿ, ಕೊರತೆಗಳನ್ನು ಸರಿಪಡಿಸುವುದು ಎಣಿಕೆ ಹೆಚ್ಚಿಸುವಷ್ಟೇ ಮುಖ್ಯವಾದ ಕಾರ್ಯ.

ಮಾನದಂಡಗಳು

1. ವಿಸ್ತೀರ್ಣ: 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಂತೆ ಅಡಿಗೆಯ ಸ್ಥಳವೂ ಸೇರಿ ಮನೆಯು ಕನಿಷ್ಠ 25 ಚದರ ಮೀಟರ್ ಇರತಕ್ಕದ್ದು.

2. ಗಾಳಿ ಬೆಳಕು: ಒಣಹವೆಯ ಪ್ರದೇಶಗಳಲ್ಲಿಯೂ ಕಿಟಕಿ ಗವಾಕ್ಷಿಗಳು ಕೋಣೆಯ ನೆಲದ ಹತ್ತನೆಯ ಒಂದು ಪಾಲಿಗೆ ಕಡಮೆಯಾಗಬಾರದು. 9.5 ಚದರ ಮೀಟರ್ ಕೋಣೆಗೆ ಮೂರು ಅಡಿ ಅಗಲ, ಮೂರೂವರೆ ಅಡಿ ಎತ್ತರದ ತೆರಪು ಬೇಕಾಗುತ್ತದೆ.

3. ಶೌಚಾಲಯ: ಎರಡು ಗುಂಡಿಗಳ ಶೌಚಾಲಯದಲ್ಲಿ ಒಂದು ತುಂಬಿದಾಗ ಮತ್ತೊಂದನ್ನು ಬಳಸಬೇಕು. ಮುಚ್ಚಿಟ್ಟ ಗುಂಡಿಯ ಮಲವು ಸುಮಾರು ಎರಡು ವರ್ಷಗಳಲ್ಲಿ ಗೊಬ್ಬರವಾಗುತ್ತದೆ. ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಲಿ. ಮಲವನ್ನು ಮನುಷ್ಯರಿಂದ ಬಾಚಿಸುವುದು 2013ರ ಅಧಿನಿಯಮದಂತೆ ಅಪರಾಧ.

ಒಂದು ಉದಾಹರಣೆ

ಒಂದೇ ಕೋಣೆಯ ಮನೆಯೊಂದನ್ನು ಊಹಿಸಿಕೊಳ್ಳೋಣ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿತಾಟು ಕಟ್ಟಿದ್ದಾರೆ. ಮೂಲೆಯಲ್ಲಿ ಸೌದೆ ಒಲೆ ಉರಿಯುತ್ತಿದೆ. ಎರಡು ವಾರಗಳಿಂದ ಕೆಮ್ಮುತ್ತಿರುವ ಅಜ್ಜನೂ ಅಲ್ಲಿಯೇ ಮಲಗುತ್ತಾನೆ. ಅಜ್ಜನಿಗೆ ಕ್ಷಯವಿದ್ದರೆ ರೋಗಾಣುಗಳು ಮುಚ್ಚಿದ ಗಾಳಿಯಲ್ಲಿ ತಂಗಿ ಹಸುಳೆಯ ಶ್ವಾಸಕೋಶವನ್ನು ಸೇರಬಲ್ಲವು. ಹೊಗೆಯು ಮಗುವಿಗೆ ನ್ಯುಮೋನಿಯದ ಭಯವನ್ನು ಹೆಚ್ಚಿಸುತ್ತದೆ. ತಾಯಿ ಮಗುವನ್ನು ಬೆಚ್ಚಗೆ ಹೊದಿಸುವುದು ಸರಿ, ಕೋಣೆಯ ಉಸಿರು ಕಟ್ಟಿಸುವುದು ಸರಿಯಲ್ಲ. ಕಿಟಕಿ ತೆರೆದಿರಲಿ, ಅಜ್ಜನ ಕಫವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿರಿ.

ಕೇಳಬೇಕಾದ ಸಮಯ

ವಸತಿ ಯೋಜನೆಗಳ ಸಹಾಯಧನವು ತಳಪಾಯ, ಲಿಂಟಲ್, ಛಾವಣಿ, ಪೂರ್ಣಗೊಂಡ ಮನೆ ಎಂಬ ಹಂತಗಳಲ್ಲಿ ಬಿಡುಗಡೆಯಾಗುತ್ತದೆ. ಕಿಟಕಿಯ ಅಳತೆಯನ್ನು ಗೋಡೆಯು ಲಿಂಟಲ್ ಮಟ್ಟ ಮುಟ್ಟುವ ಮೊದಲೇ ನೋಡಿಕೊಳ್ಳಬೇಕು. ಛಾವಣಿ ಬಿದ್ದ ಮೇಲೆ ಗೋಡೆ ಒಡೆಯುವ ವೆಚ್ಚವು ಬಡ ಕುಟುಂಬದ ಮೇಲೆಯೇ ಬೀಳುತ್ತದೆ.

ಹಳೆಯ ಮನೆಗಳ ಕುಟುಂಬದವರು ಚರಂಡಿ, ನೀರು, ಶೌಚಾಲಯಗಳ ಕೊರತೆಗಳನ್ನು ಪಟ್ಟಿ ಮಾಡಿ, ಹಳ್ಳಿಯಾದರೆ ಗ್ರಾಮಸಭೆಯಲ್ಲಿ, ಪಟ್ಟಣವಾದರೆ ವಾರ್ಡಿನ ಸದಸ್ಯರ ಮೂಲಕ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಒಬ್ಬರ ದೂರಿಗಿಂತ ಬೀದಿಯ ಎಲ್ಲ ಮನೆಯವರ ಅರ್ಜಿಗೆ ಬಲ ಹೆಚ್ಚು.

ಕುಟುಂಬದ ಕರ್ತವ್ಯ

ಮನೆ ವಿಸ್ತರಿಸುವಾಗ ಹೊಸ ಗೋಡೆಯಿಂದ ಹಳೆಯ ಕಿಟಕಿಯನ್ನು ಮುಚ್ಚಕೂಡದು. ಸೊಳ್ಳೆಗೆ ಹೆದರಿದರೆ ಕಿಟಕಿಗೆ ಜಾಲರಿ ಹಾಕಿಸಿರಿ. ಡೆಂಗಿ ಹರಡುವ ಸೊಳ್ಳೆಯು ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರದಿಂದ ಹತ್ತು ದಿನಗಳು ಸಾಕು. ಆದುದರಿಂದ ತೊಟ್ಟಿ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ತೊಳೆಯಿರಿ. ಶೌಚಾಲಯವನ್ನು ಸೌದೆಯ ಉಗ್ರಾಣ ಮಾಡದಿರಿ.

ಮನೆ ಕೊಡುವುದು ಸಂಸ್ಥೆಯ ಕಾರ್ಯ, ಅದನ್ನು ಆರೋಗ್ಯದ ನೆಲೆಯಾಗಿ ಉಳಿಸುವುದು ಸಂಸ್ಥೆ ಹಾಗೂ ಕುಟುಂಬ ಇಬ್ಬರಿಗೂ ಸೇರಿದ ಹೊಣೆ.

ಅಭ್ಯಾಸ

1. ನಿಮ್ಮ ಮಲಗುವ ಕೋಣೆಯ ನೆಲವನ್ನೂ ಕಿಟಕಿಯನ್ನೂ ಅಳೆಯಿರಿ. ಹತ್ತನೆಯ ಪಾಲು ಇದೆಯೇ?
2. ನಿಮ್ಮ ಬಚ್ಚಲ ನೀರು ಎಲ್ಲಿ ಹೋಗಿ ನಿಲ್ಲುತ್ತದೆ?
3. ಲಿಂಟಲ್ ಹಂತಕ್ಕೆ ಮುನ್ನವೇ ಕಿಟಕಿಯನ್ನು ಪರಿಶೀಲಿಸಬೇಕು, ಏಕೆ?