ಆಹಾರವಿವೇಕ: ಎಣಿಕೆಗಿಂತ ಆಯ್ಕೆ ಮೊದಲು

ಕಳೆದ ಚಾತುರ್ಮಾಸ್ಯದಲ್ಲಿ ಒಂದು ಸಂಜೆ, ಶ್ರೀಮದ್ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ, ಹುಣಸೂರಿನ ಗೃಹಿಣಿಯೊಬ್ಬರು ಸ್ವಲ್ಪ ಸಂಕೋಚದಿಂದಲೇ ಒಂದು ಪ್ರಶ್ನೆಯನ್ನು ಮುಂದಿಟ್ಟರು.

"ಆಚಾರ್ಯರೇ, ನನ್ನ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಎಲೆಯ ಮುಂದೆ ಕುಳಿತೊಡನೆ ಮೊಬೈಲು ತೆಗೆದು, ಅನ್ನಕ್ಕೆ ಇಷ್ಟು ಕ್ಯಾಲೊರಿ, ತುಪ್ಪಕ್ಕೆ ಇಷ್ಟು ಎಂದು ಕೂಡಿಸುತ್ತಾಳೆ. ಲೆಕ್ಕ ಮೀರಿತೆಂದರೆ ದೇವರಿಗೆ ನೈವೇದ್ಯವಾದ ಅನ್ನವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಸಂಜೆ ಹಸಿವಾದರೆ ಪೊಟ್ಟಣದ ಬಿಸ್ಕತ್ತು ತಿನ್ನುತ್ತಾಳೆ. ಅದರ ಮೇಲೆ ಅಂಕಿ ಅಚ್ಚಾಗಿದೆಯಂತೆ, ಲೆಕ್ಕ ಸುಲಭವಂತೆ. ನಾನು ಮಾಡಿದ ಹುಳಿಗೆ ಅಂಕಿಯಿಲ್ಲ. ದಿನೇ ದಿನೇ ಸೊರಗುತ್ತಿದ್ದಾಳೆ. ಅವಳಿಗೆ ನಾನೇನು ಹೇಳಲಿ?"

ಅಂದು ಹೊತ್ತು ಮೀರಿದ್ದುದರಿಂದ ಸಂಕ್ಷೇಪವಾಗಿ ಉತ್ತರಿಸಬೇಕಾಯಿತು. ಇದು ಒಂದೇ ಮನೆಯ ಪ್ರಶ್ನೆಯಲ್ಲವಾದ್ದರಿಂದ, ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಮಾಡೋಣ.

ಕ್ಯಾಲೊರಿ ಎಂದರೇನು?

ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿಸಲು ಬೇಕಾಗುವ ಶಾಖಕ್ಕೆ ಆಹಾರಶಾಸ್ತ್ರದಲ್ಲಿ ಒಂದು ಕಿಲೋಕ್ಯಾಲೊರಿ ಎಂದು ಹೆಸರು. ರೂಢಿಯಲ್ಲಿ ಇದನ್ನೇ ಕ್ಯಾಲೊರಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್‌ವಾಟರ್ ಎಂಬ ವಿಜ್ಞಾನಿಯು ಅನೇಕ ಪ್ರಯೋಗಗಳನ್ನು ಮಾಡಿ, ಒಂದು ಗ್ರಾಂ ಪಿಷ್ಟಕ್ಕೆ 4, ಒಂದು ಗ್ರಾಂ ಸಸಾರಜನಕಕ್ಕೆ 4, ಒಂದು ಗ್ರಾಂ ಕೊಬ್ಬಿಗೆ 9 ಎಂಬ ಸರಾಸರಿ ಅಂಕಿಗಳನ್ನು ನಿರ್ಣಯಿಸಿದನು. ಇಂದು ಪೊಟ್ಟಣಗಳ ಮೇಲೆ ಅಚ್ಚಾಗುವ ಲೆಕ್ಕಕ್ಕೆ ಮೂಲಾಧಾರ ಇವೇ ಅಂಕಿಗಳು.

ಈ ಗಣನೆ ನಿರರ್ಥಕವೆಂದು ಹೇಳುವುದು ತರವಲ್ಲ. ಕ್ಷಾಮಕಾಲದಲ್ಲಿ ಜನರಿಗೆ ಎಷ್ಟು ಧಾನ್ಯ ಬೇಕೆಂದು ನಿಶ್ಚಯಿಸುವುದಕ್ಕೂ, ಆಸ್ಪತ್ರೆಗಳಲ್ಲಿ ಕೃಶರಾದ ರೋಗಿಗಳ ಪಥ್ಯವನ್ನು ಗೊತ್ತುಮಾಡುವುದಕ್ಕೂ ಇದು ಬಹಳ ಉಪಕಾರಿ. ಆದರೆ ಕ್ಯಾಲೊರಿಯು ಶಾಖದ ಅಳತೆಯೇ ಹೊರತು ಆಹಾರದ ಗುಣದ ಅಳತೆಯಲ್ಲ. ಸೌದೆಯನ್ನು ತೂಗುವ ತಕ್ಕಡಿಯು ಅದು ಶ್ರೀಗಂಧವೋ ಜಾಲಿಯೋ ಎಂಬುದನ್ನು ಹೇಳಲಾರದು.

ಶಾಖದ ಲೆಕ್ಕವಾಗಿಯೂ ಅದು ಸರ್ವತ್ರ ನಿಖರವಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪರೀಕ್ಷಿಸಿದಾಗ, ಇಡೀ ಬಾದಾಮಿಯ ಒಂದು ಹಿಡಿಯಲ್ಲಿ (28 ಗ್ರಾಂ) ಪಟ್ಟಿಯ ಪ್ರಕಾರ ಸುಮಾರು 170 ಕ್ಯಾಲೊರಿ ಇರಬೇಕಾಗಿದ್ದರೂ ದೇಹಕ್ಕೆ ದಕ್ಕಿದ್ದು ಸುಮಾರು 129 ಮಾತ್ರ ಎಂದು ಕಂಡುಬಂದಿತು. ಬೀಜದ ಜೀವಕೋಶಗಳ ಗಟ್ಟಿಯಾದ ಗೋಡೆಯೊಳಗೆ ಉಳಿದ ಕೊಬ್ಬು ಪೂರ್ಣವಾಗಿ ಜೀರ್ಣವಾಗದೆ ಹೊರಹೋಗುವುದೇ ಇದಕ್ಕೆ ಕಾರಣ.

ರಾಗಿ ಮತ್ತು ಅಕ್ಕಿ

ಈಗ ನಮ್ಮ ಸೀಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೃಷ್ಣರಾಜನಗರದ ಸೀಮೆಯಲ್ಲಿ ಕಾವೇರಿಯ ಕಾಲುವೆಗಳ ಕೆಳಗೆ ಬತ್ತದ ಗದ್ದೆಗಳಿವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಖುಷ್ಕಿ ಹೊಲಗಳಲ್ಲಿ ಹೊಗೆಸೊಪ್ಪು ಬಹಳ ಜಾಗವನ್ನು ಆಕ್ರಮಿಸಿದ್ದರೂ ರಾಗಿ, ಹುರುಳಿ, ಅವರೆ, ಅಲಸಂದೆ, ಹುಚ್ಚೆಳ್ಳುಗಳು ಇಂದಿಗೂ ಬೆಳೆಯುತ್ತಿವೆ.

ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 345 ಕ್ಯಾಲೊರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 328. ಕ್ಯಾಲೊರಿಯನ್ನು ಮಾತ್ರ ನೋಡುವವರಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ. ಆದರೆ ಎಲುಬಿಗೂ ಹಲ್ಲಿಗೂ ಅವಶ್ಯವಾದ ಸುಣ್ಣದ ಅಂಶವು ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಇದ್ದರೆ, ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದಕ್ಕೆ ಮೂವತ್ತೈದರಷ್ಟು! ಹುರುಳಿಯಲ್ಲಿ ಕ್ಯಾಲೊರಿ ಸುಮಾರು 320. ಸಸಾರಜನಕವಾದರೋ ನೂರು ಗ್ರಾಮಿಗೆ 22 ಗ್ರಾಂ, ಎಂದರೆ ಅಕ್ಕಿಯ ಮೂರರಷ್ಟು. ಬೆಳೆಯುವ ಹೆಣ್ಣುಮಗಳ ದೇಹಕ್ಕೆ ಈ ಭೇದವೇ ಮುಖ್ಯ. ಅವಳು ಕೂಡಿಸುತ್ತಿರುವ ಮೊತ್ತದಲ್ಲಿ ಅದು ಕಾಣುವುದೇ ಇಲ್ಲ.

ರಾಗಿಗೆ ಇನ್ನೊಂದು ವಿಶೇಷವುಂಟು. ಕಾಳು ಬಹಳ ಸಣ್ಣದಾದುದರಿಂದ ಅದರ ಸಿಪ್ಪೆಯನ್ನು ತೆಗೆದು ನಯಮಾಡುವುದು ಸುಲಭಸಾಧ್ಯವಲ್ಲ. ಬೀಸಿದರೆ ಹೊಟ್ಟುಸಹಿತವಾಗಿಯೇ ಹಿಟ್ಟಾಗುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ 'ಇಂಡಾಫ್' ರಾಗಿಯನ್ನು ರೂಪಿಸಿದ ಲಕ್ಷ್ಮಣಯ್ಯನವರನ್ನು ನಮ್ಮ ರೈತರು 'ರಾಗಿ ಲಕ್ಷ್ಮಣಯ್ಯ' ಎಂದೇ ಸ್ಮರಿಸುತ್ತಾರೆ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ, ನಗರವಾಸಿಗಳೂ ರಾಗಿಯನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ನಮ್ಮ ಮನೆಗಳಲ್ಲಿ ರಾಗಿಯನ್ನು ಕೀಳೆಂದು ಭಾವಿಸಿದ ಕಾಲವೊಂದಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಹಾಗೆ ಭಾವಿಸಿದವರು ಹರಿದಾಸಸಾಹಿತ್ಯವನ್ನು ಮರೆತವರು. ಶ್ರೀವ್ಯಾಸರಾಯರ ಶಿಷ್ಯರಾದ ಕನಕದಾಸರ 'ರಾಮಧಾನ್ಯಚರಿತ್ರೆ'ಯ ಕಥಾವಸ್ತುವೇ ಅಕ್ಕಿ ರಾಗಿಗಳ ವಿವಾದ. ಯಾವುದು ಶ್ರೇಷ್ಠವೆಂಬ ಜಗಳ ಬೆಳೆದಾಗ, ಶ್ರೀರಾಮಚಂದ್ರನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರತಂದಾಗ ಬತ್ತವು ಸತ್ತ್ವಗುಂದಿರುತ್ತದೆ; ರಾಗಿಯು ಕೆಡದೆ ಗಟ್ಟಿಯಾಗಿ ನಿಂತಿರುತ್ತದೆ. ರಾಘವನು ಅದಕ್ಕೆ ತನ್ನ ಹೆಸರನ್ನೇ ಅನುಗ್ರಹಿಸುತ್ತಾನೆ. ಚುಂಚನಕಟ್ಟೆಯ ಕೋದಂಡರಾಮನ ದರ್ಶನಕ್ಕೆ ಹೋಗುವ ನಾವು ದಾರಿಯುದ್ದಕ್ಕೂ ಇರುವ ರಾಗಿಯ ಹೊಲಗಳನ್ನು ಈ ಕಥೆಯ ನೆನಪಿನೊಡನೆ ನೋಡಬೇಕು.

ಹುರುಳಿಯ ವಿಷಯದಲ್ಲಂತೂ ಹೆಚ್ಚು ಹೇಳಬೇಕಾಗಿಲ್ಲ. ಶಿಶುವಾಗಿದ್ದ ಶ್ರೀಮದಾಚಾರ್ಯರು ಹಸಿವಿನಿಂದ ಅಳುತ್ತಿರಲು, ತಾಯಿ ಮನೆಯಲ್ಲಿಲ್ಲದ ಆ ವೇಳೆಯಲ್ಲಿ ಅಕ್ಕನು ಬೇಯಿಸಿದ ಹುರುಳಿಯನ್ನು ತಿನ್ನಿಸಿದ ಪ್ರಸಂಗವು ನಾರಾಯಣಪಂಡಿತಾಚಾರ್ಯರ 'ಸುಮಧ್ವವಿಜಯ'ದಲ್ಲಿ ಬಂದಿದೆ. ಅದು ವಾಯುದೇವರ ಮಹಿಮೆ. ಎಳೆಯ ಮಕ್ಕಳಿಗೆ ನಾವು ಅದನ್ನು ಅನುಕರಿಸತಕ್ಕದ್ದಲ್ಲ. ಆದರೆ ಆ ಧಾನ್ಯವನ್ನು ದನದ ಮೇವೆಂದು ತಿರಸ್ಕರಿಸುವುದು ಮಧ್ವಾನುಯಾಯಿಗಳಿಗೆ ಶೋಭಿಸದು.

ನಯಮಾಡಿದ್ದರ ಫಲ

ಧಾನ್ಯದಿಂದ ಏನನ್ನಾದರೂ ತೆಗೆದುಹಾಕಿದರೆ ಏನಾಗುವುದೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯನ್ ಐಕ್‌ಮನ್ ಎಂಬಾತನು, ನಯಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲಿನ ಸ್ವಾಧೀನ ತಪ್ಪಿ ಬೀಳುವುದನ್ನೂ, ತೌಡಿನಿಂದ ಕೂಡಿದ ಅಕ್ಕಿಯನ್ನು ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಕಂಡನು. ಮನುಷ್ಯರನ್ನು ಬಾಧಿಸುತ್ತಿದ್ದ ಬೆರಿಬೆರಿ ರೋಗದ ರಹಸ್ಯ ಇದರಿಂದ ಬಯಲಾಯಿತು. ತೌಡಿನೊಡನೆ ಹೊರಹೋಗುತ್ತಿದ್ದ ಬಿ-1 ಜೀವಸತ್ತ್ವದ ಅಭಾವವೇ ಆ ರೋಗಕ್ಕೆ ಕಾರಣ. ಆತನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಅಜ್ಜಿಯರು ಒರಳಿನಲ್ಲಿ ಕುಟ್ಟಿ ಮೊರದಲ್ಲಿ ಕೇರುತ್ತಿದ್ದ ಅಕ್ಕಿಯಲ್ಲಿ ತೌಡು ಸ್ವಲ್ಪವಾದರೂ ಉಳಿಯುತ್ತಿತ್ತು. ಮಿಲ್ಲಿನ ಅಕ್ಕಿ ಮಲ್ಲಿಗೆಯಂತೆ ಬೆಳ್ಳಗಾಯಿತು. ಸತ್ತ್ವವು ತೌಡಿನ ಮೂಟೆಯನ್ನು ಸೇರಿತು.

ಇತ್ತೀಚಿನ ಪ್ರಯೋಗವೊಂದು ಇನ್ನೂ ಸ್ವಾರಸ್ಯಕರವಾದುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿಯೂ ಸಂಗಡಿಗರೂ 20 ಮಂದಿಯನ್ನು ನಾಲ್ಕು ವಾರ ಅಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಬಹುವಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಹಜವಾದ ಆಹಾರವನ್ನೂ ಕೊಟ್ಟರು. ಬಡಿಸಿದ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪುಗಳು ಎರಡು ಬಗೆಗೂ ಸಮನಾಗಿದ್ದುವು. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ಪ್ರತಿದಿನವೂ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದರು. ಎರಡು ವಾರದಲ್ಲಿ ಸುಮಾರು 0.9 ಕಿಲೋ ತೂಕ ಏರಿತು. ಸಹಜವಾದ ಆಹಾರದ ದಿನಗಳಲ್ಲಿ ಅಷ್ಟೇ ತೂಕ ಇಳಿಯಿತು. ಎಣಿಸಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಹಾರ ಸರಿಯಾದಾಗ ಸಾಕೆಂಬ ಭಾವ ತಾನಾಗಿಯೇ ಸಕಾಲದಲ್ಲಿ ಹುಟ್ಟಿತು. ಪ್ರಯೋಗ ಚಿಕ್ಕದಾದರೂ ಅದು ತೋರುವ ದಿಕ್ಕು ಸ್ಪಷ್ಟವಾಗಿದೆ.

ಗೀತೆಯ ದೃಷ್ಟಿ

ಭಗವಂತನು ಹದಿನೇಳನೆಯ ಅಧ್ಯಾಯದಲ್ಲಿ ಆಹಾರವನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಮೊದಲು ಗುಣವನ್ನೇ ಹೇಳುತ್ತಾನೆ. ಆಯುಸ್ಸು, ಬಲ, ಆರೋಗ್ಯ, ಸುಖಗಳನ್ನು ಬೆಳೆಸುವಂಥದೂ, ರಸಯುಕ್ತವೂ, ಸ್ನಿಗ್ಧವೂ, ದೇಹದಲ್ಲಿ ನಿಲ್ಲುವಂಥದೂ, ಮನಸ್ಸಿಗೆ ಒಪ್ಪುವಂಥದೂ ಸಾತ್ತ್ವಿಕ. ಅತಿಯಾದ ಉಪ್ಪು, ಹುಳಿ, ಖಾರಗಳಿಂದ ಉರಿಯನ್ನುಂಟುಮಾಡುವುದು ರಾಜಸ. ಹೊತ್ತು ಮೀರಿ ರಸವಾರಿದ್ದು, ಹಳಸಿದ್ದು ತಾಮಸ. ಪ್ರಮಾಣದ ಮಾತು ಆರನೆಯ ಅಧ್ಯಾಯದಲ್ಲಿದೆ. ಅತಿಯಾಗಿ ಉಣ್ಣುವವನಿಗೆ ಯೋಗವು ಸಿದ್ಧಿಸದು. ಉಣ್ಣದೆಯೇ ಇರುವವನಿಗೂ ಸಿದ್ಧಿಸದು. ಎರಡನೆಯ ಈ ಮಾತನ್ನು ಎಲೆ ಬಿಟ್ಟೇಳುವ ನಮ್ಮ ಹೆಣ್ಣುಮಕ್ಕಳ ಕಿವಿಗೆ ಪ್ರೀತಿಯಿಂದ ಹಾಕಬೇಕು.

ಉಂಡ ಅನ್ನವನ್ನು ವೈಶ್ವಾನರರೂಪಿಯಾಗಿ ಪಚನಮಾಡುವವನು ಶ್ರೀಹರಿಯೇ ಎಂದು ನಂಬಿದವರಿಗೆ ಊಟವು ಒಂದು ಆಹುತಿ. ಆಹುತಿಗೆ ಯೋಗ್ಯವಾದುದು ಯಾವುದೆಂಬ ವಿಚಾರ ಮೊದಲು ಬರುತ್ತದೆ. ಎಷ್ಟೆಂಬ ವಿಚಾರ ಅನಂತರದ್ದು.

ನಮ್ಮ ತಪ್ಪುಗಳು

ಹೀಗೆಂದು ನಮ್ಮ ಅಡಿಗೆಮನೆಯಲ್ಲಿ ನಡೆಯುವುದೆಲ್ಲ ನಿರ್ದೋಷವೆಂದು ಬೀಗುವುದು ಸರಿಯಲ್ಲ. ಹಬ್ಬಕ್ಕೊಮ್ಮೆ ಮಾಡುತ್ತಿದ್ದ ಭಕ್ಷ್ಯಗಳು ಈಗ ಅಂಗಡಿಯಿಂದ ವಾರವಾರವೂ ಬರುತ್ತವೆ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎಂಟು ಚಮಚ ಸಕ್ಕರೆ ಬೀಳುತ್ತದೆ. ಎಲೆಯ ತುಂಬ ಬಿಳಿಯ ಅನ್ನ; ಪಲ್ಯ ಕೋಸಂಬರಿಗಳು ಎಲೆಯ ತುದಿಯಲ್ಲಿ ಶಾಸ್ತ್ರಕ್ಕೆ ಮಾತ್ರ. ಏಕಾದಶಿಯಂದು ನಿರಾಹಾರಿಗಳಾಗಿರಲು ಅಶಕ್ತರಾದವರು ಹಣ್ಣುಹಾಲುಗಳನ್ನು ಬಿಟ್ಟು, ಕರಿದ ಸಬ್ಬಕ್ಕಿ ವಡೆಯನ್ನು ಫಲಾಹಾರವೆಂದು ಕರೆಯುವುದುಂಟು. ಸಬ್ಬಕ್ಕಿಯಾದರೋ ಮರಗೆಣಸಿನಿಂದ ತೆಗೆದ ಬರಿಯ ಪಿಷ್ಟ.

ಚಾತುರ್ಮಾಸ್ಯವನ್ನೇ ನೋಡಿ. ಮೊದಲ ತಿಂಗಳು ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳಧಾನ್ಯಗಳು ವರ್ಜ್ಯ. ಈ ವ್ರತವು ಭಗವತ್ಪ್ರೀತಿಗಾಗಿಯೇ ಹೊರತು ತೂಕ ಇಳಿಸುವುದಕ್ಕಲ್ಲ. ಆದರೂ ಇಂದು ಎಲೆಯಲ್ಲಿ ಏನಿದೆ, ಏನಿಲ್ಲ ಎಂಬ ಎಚ್ಚರವನ್ನು ಅದು ನಾಲ್ಕು ತಿಂಗಳು ಕಲಿಸುತ್ತದೆ. ಕಾರ್ತಿಕದಲ್ಲಿ ವ್ರತ ಮುಗಿದು, ಮುಂದೆ ಹೊಲದಿಂದ ಸೊಗಡಿನ ಅವರೆಕಾಯಿ ಬಂದಾಗ ಅದರ ರುಚಿಯನ್ನು ಬಲ್ಲವರೇ ಬಲ್ಲರು. ಆ ಎಚ್ಚರವನ್ನು ವರ್ಷದ ಉಳಿದ ತಿಂಗಳುಗಳಿಗೂ ವಿಸ್ತರಿಸಿದರೆ ಸಾಕು.

ಮನೆಯಲ್ಲಿ ಆಚರಿಸಬಹುದಾದವು

1. ವಾರದಲ್ಲಿ ಎರಡು ಮೂರು ದಿನವಾದರೂ ರಾಗಿಯ ರೊಟ್ಟಿಯೋ ಮುದ್ದೆಯೋ ಇರಲಿ. 'ರಾಗಿ ಬಿಸ್ಕತ್ತು' ಎಂಬ ಹೆಸರನ್ನು ಕಂಡು ಮೋಸಹೋಗದೆ, ಪೊಟ್ಟಣದ ಹಿಂಬದಿಯಲ್ಲಿ ಮೈದಾ ಸಕ್ಕರೆಗಳು ಎಷ್ಟಿವೆಯೆಂದು ಓದಿ ನೋಡಬೇಕು.

2. ಅಕ್ಕಿಯನ್ನು ಕೊಳ್ಳುವಾಗ ಪೂರ್ತಿ ಪಾಲಿಶ್ ಆಗದುದನ್ನು ಕೇಳಿ ಪಡೆಯಬೇಕು.

3. ಹುರುಳಿಕಟ್ಟಿನ ಸಾರು, ಮೊಳಕೆ ಕಾಳಿನ ಹುಳಿ, ಹೆಸರುಬೇಳೆಯ ಕೋಸಂಬರಿ, ಸೊಪ್ಪಿನ ಪಲ್ಯ, ಹುಚ್ಚೆಳ್ಳಿನ ಚಟ್ನಿಪುಡಿಗಳು ಅನ್ನದ ಪ್ರಮಾಣವನ್ನು ತಾವಾಗಿಯೇ ತಗ್ಗಿಸುತ್ತವೆ.

4. ಬೆಲ್ಲವೂ ಸಕ್ಕರೆಯ ಬಂಧುವೇ. ಸಹಜವೆಂಬ ಮಾತ್ರಕ್ಕೆ ಮಿತಿ ತಪ್ಪಬಾರದು. ಹೊಟ್ಟೆಯ ಎರಡು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಗಾಳಿಗೆ ಎಂಬ ಆಯುರ್ವೇದದ ಅಳತೆಗೆ ಯಾವ ಯಂತ್ರವೂ ಬೇಡ.

5. ಮಧುಮೇಹದವರು, ವಿಶೇಷವಾಗಿ ಇನ್ಸುಲಿನ್ ತೆಗೆದುಕೊಳ್ಳುವವರು, ವೈದ್ಯರು ಹೇಳಿದ ಲೆಕ್ಕವನ್ನು ಬಿಡಕೂಡದು; ಅವರನ್ನು ಕೇಳದೆ ಉಪವಾಸಮಾಡಲೂ ಕೂಡದು. ರಾಗಿಯೂ ಪಿಷ್ಟಪ್ರಧಾನವೇ, ತೆಳ್ಳನೆಯ ಅಂಬಲಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸಬಲ್ಲದು. ರೋಗಿಗಳಿಗೂ ವೃದ್ಧರಿಗೂ ಶಾಸ್ತ್ರವೇ ವಿನಾಯಿತಿಯನ್ನು ಕೊಟ್ಟಿದೆ.

ಕೊನೆಯದಾಗಿ, ಆ ತಾಯಿಗೆ ಒಂದು ಮಾತು. ಮಗಳನ್ನು ಗದರಿಸಬೇಡಿ, ಮೊಬೈಲನ್ನು ಕಿತ್ತುಕೊಳ್ಳಲೂ ಬೇಡಿ. ದೇಹದ ವಿಷಯದಲ್ಲಿ ಎಚ್ಚರವಾಗಿರಬೇಕೆಂಬ ಅವಳ ಬುದ್ಧಿ ಒಳ್ಳೆಯದೇ; ಅದು ಹಿಡಿದ ದಾರಿ ಮಾತ್ರ ಅರ್ಧದ್ದು. ಅವಳನ್ನು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಹುರುಳಿಯನ್ನು ನೆನೆಹಾಕಿಸಿ, ರಾಗಿಹಿಟ್ಟನ್ನು ಕಲಸಲು ಕಲಿಸಿ. ಸುಣ್ಣದ ಅಂಶವೆಷ್ಟು, ಸಸಾರಜನಕವೆಷ್ಟು ಎಂದು ಅದೇ ಯಂತ್ರದಲ್ಲಿ ನೋಡಿ ಹೇಳೆಂದು ಕೇಳಿ, ಅವಳೇ ಆಶ್ಚರ್ಯಪಡುವಳು. ಹಾಗಿದ್ದೂ ಅವಳು ಉಣ್ಣಲು ಹೆದರಿ ಇನ್ನೂ ಸೊರಗಿದರೆ, ಅದನ್ನು ಹಟವೆಂದು ಕಡೆಗಣಿಸದೆ ತಡಮಾಡದೆ ವೈದ್ಯರಿಗೆ ತೋರಿಸಿ. ಊಟಕ್ಕೆ ಹೆದರುವುದೂ ಒಂದು ವ್ಯಾಧಿಯಾಗಬಲ್ಲದು, ಅದಕ್ಕೆ ಚಿಕಿತ್ಸೆಯುಂಟು.

ನೀವು ಮಾಡಿದ ಹುಳಿಗೆ ಅಂಕಿಯಿಲ್ಲವೆಂದು ನೊಂದುಕೊಂಡಿರಿ. ಅದರಲ್ಲಿ ಏನೇನು ಬಿದ್ದಿದೆಯೆಂಬುದನ್ನು ಪೂರ್ಣವಾಗಿ ಬಲ್ಲವರು ನೀವು. ಆ ತಿಳಿವಳಿಕೆಯನ್ನು ಮಗಳ ಕೈಗೆ ದಾಟಿಸುವುದೇ ಈಗ ಆಗಬೇಕಾದ ಕೆಲಸ.

॥ ಶ್ರೀಕೃಷ್ಣಾರ್ಪಣಮಸ್ತು ॥