ಮನೆಯ ಸೌನಾ: ಸಾಮಗ್ರಿಯ ಆಯ್ಕೆ ಮತ್ತು ವರ್ತಕರ ಹೊಣೆ

ಫಿನ್ಲೆಂಡ್ ದೇಶದ ಸೌನಾ ಎಂಬ ಬಿಸಿಕೋಣೆಯ ಸ್ನಾನಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು 2020ರಲ್ಲಿ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಹಲಗೆಗಳನ್ನು ಹೊದಿಸಿದ ಸಣ್ಣ ಕೋಣೆ, ಒಂದು ಒಲೆ, ಅದರ ಮೇಲೆ ಕಾದ ಕಲ್ಲುಗಳು, ಕುಳಿತುಕೊಳ್ಳಲು ಮರದ ಪೀಠಗಳು. ಇಷ್ಟೇ ಇದರ ರಚನೆ. ಒಳಗಿನ ಉಷ್ಣತೆ ಸಾಮಾನ್ಯವಾಗಿ 70ರಿಂದ 100 ಡಿಗ್ರಿ ಸೆಲ್ಸಿಯಸ್. ನಮ್ಮ ನಗರಗಳ ಮನೆಗಳಲ್ಲಿಯೂ ರೆಸಾರ್ಟುಗಳಲ್ಲಿಯೂ ಇದನ್ನು ನಿರ್ಮಿಸುತ್ತಿರುವುದರಿಂದ ಮರಗೆಲಸದ ಘಟಕಗಳಿಗೂ ಪ್ಲೈವುಡ್ ವರ್ತಕರಿಗೂ ಇದು ವ್ಯವಹಾರದ ವಿಷಯವಾಗಿದೆ.

ಕೆಲವು ತಿಂಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ತಮ್ಮ ಕೊಟೇಶನ್ ಒಂದನ್ನು ತೋರಿಸಿದರು. ಅದರಲ್ಲಿ ‘ಸಂಪೂರ್ಣ ವಿಷರಹಿತ ಸೌನಾ’ ಎಂದು ಬರೆದಿತ್ತು. ಆಧಾರವೇನೆಂದು ಕೇಳಿದಾಗ, ಒಳಗೋಡೆಗೆ ಬಳಸಲಿದ್ದ ಪ್ಲೈವುಡ್‌ನ ‘ಇ1’ ಪ್ರಮಾಣಪತ್ರವನ್ನು ಮುಂದಿಟ್ಟು, “ಸರ್ಟಿಫಿಕೇಟ್ ಇದೆಯಲ್ಲ ಸಾರ್, ಇನ್ನೇನು ಭಯ?” ಎಂದರು. ಲೆಕ್ಕಪರಿಶೋಧಕನ ಅಭ್ಯಾಸದಂತೆ ನಾನು ಅಂಕಿಯನ್ನು ಬಿಟ್ಟು ಮೊದಲು ಷರತ್ತುಗಳನ್ನು ಓದಿದೆ.

1. ಪ್ರಮಾಣಪತ್ರ ಹೇಳುವುದೇನು?

ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಇವುಗಳಲ್ಲಿ ಬಹುಪಾಲಿಗೆ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಶಾಖ ಮತ್ತು ತೇವಾಂಶಗಳಿಗೆ ಸಿಕ್ಕಿದಾಗ ವಿಘಟನೆಗೊಂಡು ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಸೂಸುತ್ತದೆ. ಈ ಅನಿಲವು ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ತೀರ್ಮಾನಿಸಿತು.

ಯುರೋಪಿನ ಇ1 ದರ್ಜೆಯ ಮಿತಿ ಒಂದು ಘನ ಮೀಟರ್ ಗಾಳಿಗೆ 0.124 ಮಿಲಿಗ್ರಾಂ. ಆದರೆ ಈ ಪರೀಕ್ಷೆ ನಡೆಯುವುದು 23 ಡಿಗ್ರಿ ಉಷ್ಣತೆ, ಶೇ. 45 ಆರ್ದ್ರತೆ, ಗಂಟೆಗೆ ಒಮ್ಮೆ ಗಾಳಿಯ ಬದಲಾವಣೆ ಇರುವ ಪೆಟ್ಟಿಗೆಯಲ್ಲಿ. ಅದೂ ಒಂದು ಘನ ಮೀಟರ್ ಗಾಳಿಗೆ ಒಂದು ಚದರ ಮೀಟರ್ ಹಲಗೆಯಂತೆ.

ಇನ್ನು ಸೌನಾದ ಲೆಕ್ಕ ನೋಡೋಣ. 2 ಮೀಟರ್ ಉದ್ದ, 2 ಮೀಟರ್ ಅಗಲ, 2.1 ಮೀಟರ್ ಎತ್ತರದ ಕೋಣೆಯ ಗಾತ್ರ 8.4 ಘನ ಮೀಟರ್. ನಾಲ್ಕು ಗೋಡೆ ಮತ್ತು ಚಾವಣಿಯ ಹೊದಿಕೆ 20.8 ಚದರ ಮೀಟರ್. ಅಂದರೆ, ಪರೀಕ್ಷೆಯಲ್ಲಿ ಇದ್ದುದಕ್ಕಿಂತ ಸುಮಾರು ಎರಡೂವರೆ ಪಟ್ಟು ಹಲಗೆ. ಉಷ್ಣತೆಯಂತೂ 23ರ ಬದಲು 80 ಅಥವಾ 90 ಡಿಗ್ರಿ. ಮಾರ್ಚ್ 31ರ ಆಸ್ತಿ-ಹೊಣೆ ಪಟ್ಟಿಯನ್ನು ತೋರಿಸಿ ಸೆಪ್ಟೆಂಬರ್‌ನಲ್ಲಿ ಸಾಲ ಕೇಳಿದರೆ ಬ್ಯಾಂಕಿನವರು ಒಪ್ಪುವರೇ? ಪ್ರಮಾಣಪತ್ರ ಸುಳ್ಳಲ್ಲ, ಅದು ಬೇರೆಯದೇ ಸನ್ನಿವೇಶಕ್ಕೆ ಸತ್ಯ.

2. ಗ್ರಾಹ್ಯ ಮತ್ತು ತ್ಯಾಜ್ಯ

(ಅ) ಒಳಹೊದಿಕೆಗೆ ಅಂಟಿನ ಹಲಗೆಗಳ ಬದಲು ಚೆನ್ನಾಗಿ ಒಣಗಿಸಿದ ಗಟ್ಟಿಮರದ ಪಟ್ಟಿಗಳನ್ನೇ ಬಳಸಿ, ಒಂದರೊಳಗೊಂದು ಕೂರುವಂತೆ ಗಾಡಿ ಕೊರೆದು, ಸ್ಟೇನ್‌ಲೆಸ್ ಸ್ಟೀಲ್ ಮೊಳೆಗಳಿಂದ ಬಿಗಿಯುವುದು ಲೇಸು.

(ಆ) ಫಿನ್ಲೆಂಡಿನಲ್ಲಿ ಸ್ಪ್ರೂಸ್, ಆಸ್ಪೆನ್, ಆಲ್ಡರ್ ಮರಗಳು ರೂಢಿಯಲ್ಲಿವೆ. ಸ್ಪ್ರೂಸ್‌ನಂತಹ ಮರಗಳಲ್ಲಿ ರಾಳವಿದ್ದು, ಶಾಖಕ್ಕೆ ಅದು ಒಸರುತ್ತದೆ ಮತ್ತು ಆವಿಯಾಗುತ್ತದೆ. ಆದುದರಿಂದ ಪೀಠಗಳಿಗೆ ರಾಳವಿಲ್ಲದ, ಗಂಟುಗಳಿಲ್ಲದ ಆಸ್ಪೆನ್, ಆಲ್ಡರ್ ಅಥವಾ ಆಫ್ರಿಕಾದ ಅಬಾಚಿ ಉತ್ತಮ. ದಟ್ಟವಾದ ಭಾರದ ಮರಗಳು ಚರ್ಮಕ್ಕೆ ಹೆಚ್ಚು ಬಿಸಿ ತಾಗಿಸುವುದರಿಂದ ಪೀಠಕ್ಕೆ ಸಲ್ಲವು.

(ಇ) ವಾರ್ನಿಷ್, ಪಾಲಿಶ್, ಬಣ್ಣ ಒಳಭಾಗದಲ್ಲಿ ಬೇಡ. ಗೆದ್ದಲು ನಿರೋಧಕ ರಾಸಾಯನಿಕ ಉಣಿಸಿದ ಮರವಂತೂ ಸರ್ವಥಾ ತ್ಯಾಜ್ಯ.

(ಈ) ಶಾಖ ತಡೆಗೆ ಥರ್ಮೋಕೋಲ್ ಬಳಸಬಾರದು. ಸೌನಾದ ಶಾಖಕ್ಕೆ ಅದು ಮೆತ್ತಗಾಗಿ ಕುಗ್ಗುತ್ತದೆ. ಖನಿಜ ಉಣ್ಣೆಯನ್ನು ಬಳಸಿ, ಅದರ ಬಂಧಕದಲ್ಲಿ ಫಾರ್ಮಾಲ್ಡಿಹೈಡ್ ಇಲ್ಲವೆಂಬುದನ್ನು ತಯಾರಕರಿಂದ ಬರೆಸಿಕೊಂಡು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ ಜೋಡಣೆಗಳನ್ನು ಮುಚ್ಚಬೇಕು. ಹಾಳೆಗೂ ಮರಕ್ಕೂ ನಡುವೆ ಗಾಳಿಯಾಡಲು ತೆರಪಿರಲಿ.

(ಉ) ಗಂಟೆಗೆ ಆರು ಬಾರಿ ಗಾಳಿ ಬದಲಾಗುವಂತೆ ಕಿಂಡಿಗಳನ್ನು ಇಡುವುದು ಸಾಮಾನ್ಯ ಶಿಫಾರಸು. ನಮ್ಮ ಉದಾಹರಣೆಯ ಕೋಣೆಗೆ ಇದು ಗಂಟೆಗೆ ಸುಮಾರು 50 ಘನ ಮೀಟರ್. ಆದರೆ ಕಿಂಡಿಯು ಕೆಟ್ಟ ಸಾಮಗ್ರಿಗೆ ಪರಿಹಾರವಲ್ಲ. ಮೊದಲ ಬಳಕೆಗೆ ಮುನ್ನ ಯಾರೂ ಒಳಗಿಲ್ಲದೆ, ಬಾಗಿಲು ತೆರೆದು ಒಲೆಯನ್ನು ಚೆನ್ನಾಗಿ ಕಾಯಿಸಿ ಬಿಡಬೇಕು.

3. ಕಾನೂನಿನ ಹೊಣೆ

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ಬೇರೆಯವರು ತಯಾರಿಸಿದ ಭಾಗಗಳನ್ನು ಜೋಡಿಸುವವರೂ ಅದರ ಪ್ರಕಾರ ತಯಾರಕರೇ. 84ನೆಯ ಪ್ರಕರಣದಂತೆ ವಿನ್ಯಾಸದ ದೋಷ, ಕೊಟ್ಟ ಖಾತರಿಗೆ ತಕ್ಕಂತೆ ಇಲ್ಲದಿರುವುದು, ಸರಿಯಾದ ಬಳಕೆಯ ಸೂಚನೆ ನೀಡದಿರುವುದು, ಇವೆಲ್ಲ ಹೊಣೆಗೆ ಕಾರಣಗಳು. ಖಾತರಿ ನೀಡುವಾಗ ತಾನು ನಿರ್ಲಕ್ಷ್ಯ ಅಥವಾ ವಂಚನೆ ಮಾಡಿಲ್ಲವೆಂದು ತಯಾರಕನು ಸಾಬೀತುಪಡಿಸಿದರೂ ಹೊಣೆ ತಪ್ಪದು. ಕೇವಲ ಮಾರಾಟಗಾರರಾದರೂ, ತಯಾರಕರ ಖಾತರಿಯ ಹೊರತಾಗಿ ಸ್ವಂತ ಖಾತರಿ ನೀಡಿ ಅದು ಹುಸಿಯಾದರೆ 86ನೆಯ ಪ್ರಕರಣ ಅನ್ವಯಿಸುತ್ತದೆ. ಅಂದಮೇಲೆ ‘ವಿಷರಹಿತ’ ಎಂಬ ಒಂದೇ ಪದ ಎಷ್ಟು ದುಬಾರಿಯಾಗಬಹುದೆಂಬುದನ್ನು ವರ್ತಕರು ಊಹಿಸಬಹುದು.

ಆದುದರಿಂದ ಕೊಟೇಶನ್‌ನಲ್ಲಿ ವಿಶೇಷಣಗಳ ಬದಲು ಮರದ ಹೆಸರು, ಶಾಖ ತಡೆಯ ಬಗೆ, ಗಾಳಿಕಿಂಡಿಯ ಅಳತೆ ಇವುಗಳನ್ನು ನಮೂದಿಸಿರಿ. ಖರೀದಿ ಬಿಲ್ಲುಗಳನ್ನೂ ಪ್ರಮಾಣಪತ್ರಗಳನ್ನೂ ಆಯಾ ಕಾಮಗಾರಿಯ ಕಡತದಲ್ಲಿ ಇರಿಸಿರಿ. ಬಳಕೆಯ ಸೂಚನೆಯನ್ನು ಕನ್ನಡದಲ್ಲಿ ಬರೆದು ಕೊಟ್ಟು ಸಹಿ ಪಡೆಯಿರಿ.

ನನ್ನ ಕಕ್ಷಿದಾರರು ಕೊನೆಗೆ ಪ್ಲೈವುಡ್ ಬಿಟ್ಟು ಗಟ್ಟಿಮರಕ್ಕೆ ದರ ಬರೆದರು. ‘ವಿಷರಹಿತ’ ಎಂಬುದನ್ನು ಹೊಡೆದುಹಾಕಿದರು. ಆ ಕಾಮಗಾರಿಯಲ್ಲಿ ಅವರ ಲಾಭಾಂಶ ಕಡಿಮೆಯಾದದ್ದು ನಿಜ. ಆದರೆ ಬಾಗಿಲು ಮುಚ್ಚಿದ ಬಿಸಿಕೋಣೆಯಲ್ಲಿ ಕುಳಿತು ಉಸಿರಾಡುವವರು ನಮ್ಮನ್ನು ನಂಬಿ ಹಣ ಕೊಟ್ಟವರು. ಆ ನಂಬಿಕೆ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣಿಸದಿದ್ದರೂ, ಅದನ್ನು ಕಳೆದುಕೊಂಡ ವ್ಯಾಪಾರದ ನಷ್ಟ ಮಾತ್ರ ಒಂದಲ್ಲ ಒಂದು ವರ್ಷ ಲೆಕ್ಕಕ್ಕೆ ಬಂದೇ ಬರುತ್ತದೆ.