ಮನೆಯ ಬೆಕ್ಕಿನ ಕಡೆಗಾಲದಲ್ಲಿ ಗೃಹಸ್ಥನ ಕರ್ತವ್ಯ

ದಯೆಯೆಂಬುದು ನುಡಿಯಲ್ಲಿ ಸುಲಭವಾಗಿಯೂ ನಡೆಯಲ್ಲಿ ಕಠಿನವಾಗಿಯೂ ಇರುವ ಗುಣ. ಹಸಿದು ಬಂದವನಿಗೆ ಅನ್ನವನ್ನಿಕ್ಕುವಾಗ, ಬಾಯಾರಿದ ದನಕ್ಕೆ ನೀರೆರೆಯುವಾಗ ದಯೆಯ ದಾರಿ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಬೆಳೆದ ಬೆಕ್ಕೊಂದು ಗುಣವಾಗದ ರೋಗಕ್ಕೆ ತುತ್ತಾಗಿ ಮೂಲೆಯಲ್ಲಿ ನರಳುತ್ತಿರುವಾಗ, ಅದರ ಪ್ರಾಣವನ್ನು ಉಳಿಸಲು ಹೆಣಗುವುದು ದಯೆಯೋ, ನೋವಿನಿಂದ ಬಿಡಿಸುವುದು ದಯೆಯೋ ಎಂಬ ಪ್ರಶ್ನೆ ಬಂದರೆ ಧರ್ಮಭೀರುವಾದ ಗೃಹಸ್ಥನು ತಬ್ಬಿಬ್ಬಾಗುತ್ತಾನೆ. ಒಂದು ಬೆಕ್ಕಿಗಾಗಿ ಇಷ್ಟು ಚಿಂತೆಯೇ ಎಂದು ನಗುವವರೂ ಉಂಟು. ಅವರ ಮನೆಗೆ ಆ ಗಳಿಗೆ ಇನ್ನೂ ಬಂದಿಲ್ಲವೆಂದಷ್ಟೇ ತಿಳಿಯಬೇಕು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಸುತ್ತಣ ಸೀಮೆ ತೆಂಗಿನ ಸೀಮೆ. ಇಲ್ಲಿ ಬೆಕ್ಕು ಬರಿಯ ಮುದ್ದಿಗಾಗಿ ಮನೆಯನ್ನು ಸೇರಿದ ಪ್ರಾಣಿಯಲ್ಲ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿಗಳು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಅಷ್ಟು ಕಾಲವೂ ಇಲಿ ಹೆಗ್ಗಣಗಳ ಕಾಟವನ್ನು ತಡೆಯುವವರು ಬೇಕು. ರಾತ್ರಿಯೆಲ್ಲ ಅಟ್ಟವನ್ನು ಕಾದು ಹಗಲು ಒಲೆಯ ಮಗ್ಗುಲಲ್ಲಿ ಮಲಗುವ ಬೆಕ್ಕು ಆ ಮನೆಯ ಕಾಯಕದಲ್ಲಿ ಪಾಲುಗೊಂಡ ಜೀವ. ಮಕ್ಕಳಿಗಂತೂ ಅದು ಹಾಸಿಗೆಯ ಸಂಗಾತಿ. ಹೀಗೆ ದುಡಿದ ಜೀವವು ಅಟ್ಟವನ್ನು ಹತ್ತಲಾರದೆ ಬಿದ್ದಾಗ ಅದರ ಋಣವನ್ನು ತೀರಿಸುವ ಬಗೆ ಯಾವುದು ಎಂಬುದೇ ಇಲ್ಲಿನ ವಿಚಾರ.

ಬೆಕ್ಕನ್ನು ಕೊಂದವನು ಬಂಗಾರದ ಬೆಕ್ಕನ್ನು ಮಾಡಿಸಿ ಕಾಶಿಗೆ ಒಪ್ಪಿಸಿದರೂ ಪಾಪ ಹರಿಯದೆಂದು ಹಿರಿಯರು ಹೇಳುವುದುಂಟು. ಈ ಮಾತು ಎಷ್ಟೋ ಬೆಕ್ಕುಗಳನ್ನು ದೊಣ್ಣೆಯೇಟಿನಿಂದ ಕಾಪಾಡಿದೆ. ಆ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಅದೇ ಮಾತಿಗೆ ಹೆದರಿ ಕೆಲವರು ಕಾಯಿಲೆಯ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆಯ ಕೆರೆಯ ಏರಿಯ ಮೇಲೋ ಸಂತೆಮಾಳದಲ್ಲೋ ಬಿಟ್ಟು ಬರುತ್ತಾರೆ. ಕೈಗೆ ಪಾಪವಂಟದಿರಲಿ ಎಂಬುದು ಅವರ ಲೆಕ್ಕ. ನಿತ್ರಾಣವಾದ ಬೆಕ್ಕು ಅಲ್ಲಿ ಹಸಿವು ಬಾಯಾರಿಕೆಗಳಿಂದಲೋ ನಾಯಿಗಳ ಬಾಯಿಂದಲೋ ಸಾಯುತ್ತದೆ; ಬಿಟ್ಟವನು ಅದನ್ನು ನೋಡುವುದಿಲ್ಲ, ಅಷ್ಟೇ ವ್ಯತ್ಯಾಸ. ಹಸಿವಿನಿಂದಲೋ ಬಾಯಾರಿಕೆಯಿಂದಲೋ ಸಂಕಟಪಡುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನು ಅಪರಾಧವೆಂದು ಹೇಳುತ್ತದೆ. ಕಾನೂನು ಹೇಳದಿದ್ದರೂ ಅದು ಕ್ರೌರ್ಯವೇ.

ಮೊದಲು ಮಾಡತಕ್ಕುದು ಮರಣದ ಚಿಂತೆಯನ್ನಲ್ಲ, ಚಿಕಿತ್ಸೆಯನ್ನು. ಬೆಕ್ಕು ತನ್ನ ನೋವನ್ನು ಮರೆಮಾಚುವ ಪ್ರಾಣಿ. ನಾಯಿಯಂತೆ ಅದು ಕುಂಯ್‌ಗುಟ್ಟುವುದು ಕಡಿಮೆ. ಕತ್ತಲ ಮೂಲೆಯನ್ನು ಹುಡುಕಿ ಸುಮ್ಮನೆ ಕುಳಿತುಬಿಡುತ್ತದೆ. ಮೈ ನೆಕ್ಕಿ ಶುಚಿಮಾಡಿಕೊಳ್ಳುವುದನ್ನು ನಿಲ್ಲಿಸುವುದು, ಕೂದಲು ಒರಟಾಗಿ ನಿಲ್ಲುವುದು, ಬೆನ್ನೆಲುಬು ಕೈಗೆ ಸಿಗುವಷ್ಟು ಸೊರಗುವುದು, ಪದೇ ಪದೇ ನೀರು ಕುಡಿದು ಹೆಚ್ಚು ಮೂತ್ರ ಮಾಡುವುದು, ಇವೆಲ್ಲ ಅದರ ಮಾತುಗಳೇ. ಮುದಿ ಬೆಕ್ಕುಗಳಲ್ಲಿ ಈ ಕಡೆಯ ಲಕ್ಷಣವು ಬಹಳ ವೇಳೆ ಮೂತ್ರಪಿಂಡಗಳು ಸೋಲುತ್ತಿರುವುದರ ಗುರುತು. ಆ ರೋಗ ಪೂರ್ಣವಾಗಿ ವಾಸಿಯಾಗದು; ಆದರೂ ತಕ್ಕ ಆಹಾರದಿಂದ, ಔಷಧಿಯಿಂದ, ಚರ್ಮದ ಕೆಳಗೆ ದ್ರಾವಣವನ್ನು ಏರಿಸುವುದರಿಂದ ಎಷ್ಟೋ ಬೆಕ್ಕುಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ನೆಮ್ಮದಿಯಾಗಿ ಬಾಳುತ್ತವೆ. ಆದುದರಿಂದ ರೋಗದ ಹೆಸರನ್ನು ಕೇಳಿದೊಡನೆ ಆಸೆ ಬಿಡಲಾಗದು. ಎರಡು ಮೂರು ದಿನ ಏನನ್ನೂ ತಿನ್ನದ ಬೆಕ್ಕನ್ನು ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಉಪವಾಸವೇ ಅದರ ಯಕೃತ್ತನ್ನು ಕೆಡಿಸುತ್ತದೆ. ಪಶು ಆಸ್ಪತ್ರೆಯೆಂದರೆ ಹಸು ಎಮ್ಮೆಗಳಿಗೆ ಮಾತ್ರವೆಂದು ನಾಚಿಕೊಳ್ಳುವುದು ತರವಲ್ಲ. ತಾಲ್ಲೂಕು ಕೇಂದ್ರದಲ್ಲಿ ಪಶುವೈದ್ಯರಿದ್ದಾರೆ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಇಲ್ಲೊಂದು ಎಚ್ಚರಿಕೆ. ಮನೆಯಲ್ಲಿರುವ ಜ್ವರದ ಮಾತ್ರೆಯನ್ನು ಅರ್ಧವೋ ಕಾಲೋ ಮುರಿದು ಹಾಲಿನಲ್ಲಿ ಕದಡಿ ಕುಡಿಸುವ ವಾಡಿಕೆ ಹಲವರಲ್ಲಿದೆ. ಮನುಷ್ಯನಿಗೆ ಹಿತವಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಅದರ ರಕ್ತವನ್ನು ಕೆಡಿಸಿ ಉಸಿರುಗಟ್ಟಿಸಿ ಕೊಲ್ಲಬಲ್ಲುದು. ಪ್ರೀತಿಯಿಂದ ಕೊಟ್ಟರೂ ವಿಷವು ವಿಷವೇ.

ಆಹಾರದ ವಿಷಯದಲ್ಲಿ ಶಾಕಾಹಾರಿ ಮನೆಗಳಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಗಟ್ಟಿಯಾಗಿದ್ದಷ್ಟು ದಿನ ಬೆಕ್ಕು ತನ್ನ ಬೇಟೆಯನ್ನು ತಾನೇ ನೋಡಿಕೊಳ್ಳುತ್ತಿತ್ತು. ಮನೆಯವರು ಹಾಲನ್ನ ಹಾಕಿ ತೃಪ್ತರಾಗುತ್ತಿದ್ದರು. ರೋಗದಲ್ಲಿ ಅದಕ್ಕೆ ಹಾಲನ್ನವೊಂದೇ ಸಾಲದು. ಬೆಕ್ಕಿನ ದೇಹವು ಮಾಂಸದಿಂದಲ್ಲದೆ ಪಡೆಯಲಾಗದ ಕೆಲವು ಪೋಷಕಾಂಶಗಳನ್ನು ಅವಲಂಬಿಸಿದೆ, ಬೆಳೆದ ಬೆಕ್ಕಿಗೆ ಹಾಲು ಅನೇಕ ವೇಳೆ ಭೇದಿಯನ್ನೂ ತರುತ್ತದೆ. ಪೇಟೆಯಲ್ಲಿ ಬೆಕ್ಕಿಗೆಂದೇ ಡಬ್ಬಿಯಲ್ಲೂ ಪೊಟ್ಟಣದಲ್ಲೂ ಸಿದ್ಧ ಆಹಾರ ದೊರೆಯುತ್ತದೆ. ವೈದ್ಯರು ಹೇಳಿದುದನ್ನು ಬೇರೆ ಬಟ್ಟಲಿನಲ್ಲಿ, ಅಡಿಗೆಮನೆಯ ಹೊರಗೆ ಇಟ್ಟು ತಿನ್ನಿಸಿದರೆ ಮನೆಯ ಆಚಾರಕ್ಕೆ ಕುಂದೇನೂ ಬಾರದು. ತನ್ನ ಆಚಾರವನ್ನು ಬೆಕ್ಕಿನ ಮೇಲೆ ಹೊರಿಸುವುದು ಆಚಾರವೆನಿಸದು.

ಚಿಕಿತ್ಸೆ ಫಲಿಸದೆ ಹೋದಾಗಲೇ ಕಠಿನವಾದ ನಿರ್ಣಯ ಎದುರಾಗುವುದು. ಹಬ್ಬದ ಹರಕೆಗೆ ತಂದ ಕುರಿಯು ಬಾಗಿಲ ಅಲಂಕಾರಕ್ಕೆ ತಂದಿರಿಸಿದ ಸೊಪ್ಪನ್ನು ತಿನ್ನುವ ಚಿತ್ರವನ್ನು ಬಸವಣ್ಣನವರು ಒಂದು ವಚನದಲ್ಲಿ ಕೊಟ್ಟಿರುವುದು ಭಕ್ತರಿಗೆಲ್ಲ ಗೊತ್ತಿರುವ ಸಂಗತಿ. ಅಲ್ಲಿ ಎರಡು ತತ್ತ್ವಗಳು ಅಡಗಿವೆ. ಪ್ರಾಣಿಗೆ ಬರಲಿರುವ ಮರಣದ ಅರಿವಿಲ್ಲ, ಆ ಗಳಿಗೆಯ ಹಸಿವಷ್ಟೇ ಅದಕ್ಕೆ ಸತ್ಯ, ಎಂಬುದು ಒಂದು. ಕೊಂದವರೇನು ಶಾಶ್ವತವಾಗಿ ಬದುಕುತ್ತಾರೆಯೇ ಎಂಬ ಪ್ರಶ್ನೆ ಇನ್ನೊಂದು. ಈ ಎರಡನೆಯದನ್ನು ಹಿಡಿದು, ರೋಗಿಯಾದ ಬೆಕ್ಕಿಗೆ ಮರಣದ ಚುಚ್ಚುಮದ್ದು ಕೊಡಿಸುವುದೂ ಕೊಲೆಯೇ ಎಂದು ಒಬ್ಬನು ಆಕ್ಷೇಪಿಸಬಹುದು. ಆಕ್ಷೇಪಣೆ ತೂಕವುಳ್ಳದ್ದೇ. ಆದರೆ ಆ ಕುರಿ ಆರೋಗ್ಯವಾಗಿತ್ತು, ಇನ್ನೂ ಮೇಯುತ್ತಿತ್ತು, ಅದರ ಪ್ರಾಣವು ಹೋದದ್ದು ಬೇರೊಬ್ಬರ ಹರಕೆಗಾಗಿ. ಇಲ್ಲಿ ಪ್ರಾಣಿ ಮೇಯುವುದನ್ನೇ ಬಿಟ್ಟಿದೆ. ಅದು ಹೋದರೆ ಮನೆಯವರಿಗೆ ನಷ್ಟವಲ್ಲದೆ ಲಾಭವಿಲ್ಲ. ಹಾಗಲ್ಲದೆ ಆರೈಕೆಯ ಬೇಸರದಿಂದ, ಮನೆ ಹೊಲಸಾಗುತ್ತದೆಂಬ ಕಾರಣದಿಂದ, ಖರ್ಚಿನ ನೆವದಿಂದ ಚುಚ್ಚುಮದ್ದನ್ನು ಕೇಳುವವನಿಗೆ ಆ ವಚನದ ಪ್ರಶ್ನೆ ನೇರವಾಗಿ ಅನ್ವಯಿಸುತ್ತದೆ.

ಮೊದಲನೆಯ ತತ್ತ್ವವೇ ನಿರ್ಣಯಕ್ಕೆ ದಾರಿ ತೋರಿಸುವುದು. ಮನುಷ್ಯನು ನಾಳೆಯ ಆಸೆಯಿಂದ ಇಂದಿನ ನೋವನ್ನು ಸಹಿಸುತ್ತಾನೆ. ಮಗನ ಮದುವೆಯನ್ನು ನೋಡಿ ಕಣ್ಣು ಮುಚ್ಚುವೆನೆನ್ನುತ್ತಾನೆ. ಬೆಕ್ಕಿಗೆ ಅಂಥ ನಾಳೆಯಿಲ್ಲ. ಅದಕ್ಕಿರುವುದು ಈ ಹೊತ್ತಿನ ಬಿಸಿಲು, ಈ ಹೊತ್ತಿನ ಮಡಿಲು, ಇಲ್ಲವೇ ಈ ಹೊತ್ತಿನ ನೋವು. ಆದಕಾರಣ ಯಜಮಾನನು ಎಣಿಸಬೇಕಾದುದು ಅದರ ದಿನಗಳನ್ನಲ್ಲ, ದಿನಗಳ ಗುಣವನ್ನು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಂಜೆ ಒಂದು ಗುರುತು ಹಾಕಲಿ: ಇಂದು ತಾನಾಗಿ ತಿಂದಿತೇ, ಎದ್ದು ಹೊರಗೆ ಹೋಯಿತೇ, ಕರೆದರೆ ತಲೆಯೆತ್ತಿತೇ, ಸವರಿದರೆ ಗುರುಗುಟ್ಟಿತೇ? (ಬೆಕ್ಕು ಕೆಲವು ವೇಳೆ ನೋವಿನಲ್ಲಿಯೂ ಗುರುಗುಟ್ಟುವುದುಂಟು, ಅದೊಂದನ್ನೇ ನಂಬಲಾಗದು.) ಮಲಗಿದಲ್ಲೇ ಮೂತ್ರ ಮಾಡಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತ, ಮುಟ್ಟಿದರೆ ಚೀರುವ ದಿನಗಳು ಒಳ್ಳೆಯ ದಿನಗಳನ್ನು ಮೀರಿದವೆಂದರೆ, ಇನ್ನೂ ಎಳೆಯುವುದು ಬೆಕ್ಕಿಗಾಗಿಯೋ ತನ್ನ ಅಗಲಿಕೆಯ ಭಯಕ್ಕಾಗಿಯೋ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು.

ಅಹಿಂಸೆಯನ್ನೇ ಬಾಳಿನ ವ್ರತವಾಗಿಸಿಕೊಂಡಿದ್ದ ಗಾಂಧೀಜಿಯವರಿಗೂ ಈ ಪರೀಕ್ಷೆ ತಪ್ಪಲಿಲ್ಲ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಅಂಗಹೀನವಾಗಿ ಬಿದ್ದು, ಮಗ್ಗುಲು ಬದಲಿಸಲೂ ಆಗದೆ ಸಂಕಟಪಡುತ್ತಿತ್ತು. ಶುಶ್ರೂಷೆ ನಡೆಯಿತು, ವೈದ್ಯರು ಕೈಚೆಲ್ಲಿದರು. ಆಶ್ರಮವಾಸಿಗಳೊಡನೆ ಚರ್ಚಿಸಿದ ಮೇಲೆ, ಒಪ್ಪದವರಿದ್ದರೂ, ಗಾಂಧೀಜಿಯವರು ತಮ್ಮೆದುರಿನಲ್ಲೇ ವೈದ್ಯರಿಂದ ಚುಚ್ಚುಮದ್ದು ಕೊಡಿಸಿದರು. ಎರಡು ನಿಮಿಷದೊಳಗೆ ಎಲ್ಲವೂ ಮುಗಿಯಿತು. ಗೋವಿನ ವಿಷಯವಾದುದರಿಂದ ದೇಶದ ನಾನಾ ಕಡೆಯಿಂದ ಕೋಪದ ಪತ್ರಗಳು ಬಂದವು. ಅವರು ತಮ್ಮ ಪತ್ರಿಕೆಯಲ್ಲಿ ಅವಕ್ಕೆ ಉತ್ತರ ಬರೆದರು: ರೋಗಿಯ ಹಿತಕ್ಕಾಗಿ ಶಸ್ತ್ರವೈದ್ಯನು ಕತ್ತಿಯನ್ನು ಹಿಡಿದರೆ ಅದು ಹಿಂಸೆಯಲ್ಲ, ಅಂತೆಯೇ ಬೇರೆ ಉಪಾಯವಿಲ್ಲದಾಗ ಸ್ವಾರ್ಥವಿಲ್ಲದೆ ನೋವನ್ನು ನಿಲ್ಲಿಸುವುದೂ ಹಿಂಸೆಯಲ್ಲವೆಂಬುದು ಅವರ ವಾದದ ಸಾರ. ಕೊಲ್ಲಲು ಅಂಜುವ ಜನ ದನಗಳನ್ನು ಇಂಚು ಇಂಚಾಗಿ ಪೀಡಿಸಲು ಅಂಜುವುದಿಲ್ಲವೆಂದೂ ಅವರು ನೊಂದು ನುಡಿದರು. ಅವರ ತೀರ್ಮಾನವನ್ನು ಒಪ್ಪದವರೂ ಅವರು ನಡೆದ ಕ್ರಮವನ್ನು ಗಮನಿಸಬೇಕು: ಮೊದಲು ಚಿಕಿತ್ಸೆ, ಬಳಿಕ ಬಲ್ಲವರ ಅಭಿಪ್ರಾಯ, ಆಮೇಲೆ ಮನೆಮಂದಿಯೊಡನೆ ಮಾತು, ಕೊನೆಗೆ ತಾವೇ ಎದುರು ನಿಲ್ಲುವುದು.

ಈ ಕಾರ್ಯವು ಪಶುವೈದ್ಯರ ಕೈಯಿಂದಲೇ ಆಗಬೇಕು. ಮೊದಲು ಮಂಪರು ಬರಿಸುವ ಮದ್ದು, ಅನಂತರ ರಕ್ತನಾಳದ ಮೂಲಕ ಅರಿವಳಿಕೆಯ ಔಷಧಿಯ ಹೆಚ್ಚಿನ ಪ್ರಮಾಣ. ಪ್ರಜ್ಞೆ ಕ್ಷಣಗಳಲ್ಲಿ ಹೋಗುತ್ತದೆ, ಹೃದಯವು ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಪ್ರಾಣ ಹೋದ ಮೇಲೂ ಒಮ್ಮೆ ಉಸಿರೆಳೆದಂತೆ ಮೈ ಅದುರಬಹುದು. ಅದು ನೋವಲ್ಲವೆಂದು ಮೊದಲೇ ತಿಳಿದಿದ್ದರೆ ಎದೆಯೊಡೆಯದು. ಮನಸ್ಸು ಒಪ್ಪದವರು ವೈದ್ಯರಿಂದ ನೋವು ತಗ್ಗಿಸುವ ಔಷಧಿಯನ್ನು ಪಡೆದು, ಬೆಚ್ಚನೆಯ ಮೂಲೆ, ಮೆತ್ತನೆಯ ಹಾಸು, ಬಾಯಿಗೆ ಹನಿ ನೀರು ಕೊಟ್ಟು ಮನೆಯಲ್ಲೇ ಕಡೆಯವರೆಗೆ ಸೇವೆ ಮಾಡಬಹುದು. ನೋವು ಹತೋಟಿಯಲ್ಲಿರುವಷ್ಟು ಕಾಲ ಅದೂ ಸಮ್ಮತವೇ. ಆದರೆ ಹುಚ್ಚುನಾಯಿಯ ಕಡಿತಕ್ಕೊಳಗಾದ ಬೆಕ್ಕು ಜೊಲ್ಲು ಸುರಿಸುತ್ತ ಕಾರಣವಿಲ್ಲದೆ ಮೇಲೆರಗಿದರೆ ಅಲ್ಲಿ ಯಾವ ಆರೈಕೆಗೂ ಎಡೆಯಿಲ್ಲ. ಮುಟ್ಟದೆ ಕೋಣೆಯಲ್ಲಿ ಕೂಡಿ ಪಶುವೈದ್ಯರಿಗೆ ತಿಳಿಸಬೇಕು. ಪರಚಿದ ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಿಗೆ ಬೆಕ್ಕು ಎಲ್ಲಿಗೋ ಓಡಿಹೋಯಿತೆಂದು ಹೇಳಬಾರದು. ಅವರು ಬಾಗಿಲನ್ನು ಕಾಯುತ್ತ ಕೂರುತ್ತಾರೆ. ಸತ್ತಿತೆಂದೇ ಹೇಳಿ, ಮಣ್ಣು ಕೊಡುವಾಗ ಜೊತೆಗೆ ಕರೆದೊಯ್ಯುವುದು ಲೇಸು. ಹೂಳುವ ಪದ್ಧತಿ ವೀರಶೈವರ ಮನೆಗೆ ಹೊಸದಲ್ಲ. ತೋಟದ ಅಂಚಿನಲ್ಲಿ, ಬಾವಿಗೆ ದೂರವಾಗಿ, ನಾಲ್ಕು ಅಡಿಯ ಗುಂಡಿ ತೆಗೆದು ಮೇಲೆ ಕಲ್ಲು ಹೇರಬೇಕು. ಚುಚ್ಚುಮದ್ದಿನಿಂದ ಹೋದ ಬೆಕ್ಕಾದರೆ ಇದು ಇನ್ನೂ ಮುಖ್ಯ. ಮೈಯಲ್ಲಿ ಉಳಿದ ಔಷಧಿ ಅದನ್ನು ಕೆದಕಿ ತಿಂದ ನಾಯಿಯನ್ನೋ ಹದ್ದನ್ನೋ ಕೊಲ್ಲಬಹುದು. ಅಟ್ಟಕ್ಕೆ ಹೊಸ ಮರಿಯನ್ನು ತರುವ ಮಾತನ್ನು ಮಕ್ಕಳ ಅಳು ನಿಂತ ಮೇಲೆ ಎತ್ತಿದರೆ ಸಾಕು. ಅಷ್ಟು ದಿನಗಳಲ್ಲಿ ಇಲಿಗಳು ಕೊಬ್ಬರಿಯನ್ನೆಲ್ಲ ಮುಗಿಸಿಬಿಡಲಾರವು.